ಫೈಬರ್ ದೋಣಿಯ ಒಳಗಿನ ಮರ ಕುಂಬಾಗಿದ್ದರೆ ಮೇಲೆ ಮ್ಯಾಟ್ ಹಾಕಿಸಿದರೆ ಸಾಕೇ?

ಕುಣಿಗಲ್ ಕಡೆಯ ಕೆರೆಯಲ್ಲಿ ಮೀನುಗಾರಿಕೆಗೆ ಓಡುವ ಹಳೆಯ ಫೈಬರ್ ದೋಣಿ, ಮೋಟಾರ್ ಎತ್ತಿದಾಗಲೆಲ್ಲ ಅದು ಕೂರುವ ಹಿಂಬದಿ ಗೋಡೆ ಅಲುಗುತ್ತದೆ, ಹೊರಗೆ ಬಿರುಕಿಲ್ಲ, ಮೇಲೊಂದು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಸು) ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ತುಮಕೂರಿನಲ್ಲಿ ಫೈಬರ್ ಕೆಲಸ ಮಾಡುವ ನಾನು ಆ ತಪ್ಪನ್ನು ಒಮ್ಮೆ ಮಾಡಿದ್ದೇನೆ. ಎರಡು ಪದರ ಹೊದಿಸಿ, ಬಣ್ಣ ಬಳಿದು ಕಳಿಸಿದ ದೋಣಿ ಮುಂದಿನ ಮಳೆಗಾಲ ಮುಗಿಯುವ ಮುಂಚೆಯೇ ವಾಪಸ್ಸು ಬಂತು. ಮೋಟಾರಿನ ಬೋಲ್ಟ್ ಬಿಚ್ಚಿದೊಡನೆ ತೂತಿನಿಂದ ಚಹಾ ಬಣ್ಣದ ನೀರು ಇಳಿಯಿತು. ಒಳಗಿನ ಪ್ಲೈವುಡ್ ಕಾಫಿ ಗಸಿಯಂತೆ ಬೆರಳಿಗೇ ಕಿತ್ತು ಬಂತು. ಅದನ್ನು ನಂಬಿ ನೀರಿಗಿಳಿದವರ ಮುಖ ನೋಡುವುದು ನನಗೆ ಕಷ್ಟವಾಯಿತು.

ಫೈಬರ್ ಕೊಳೆಯುವುದಿಲ್ಲ, ಎರಡು ಫೈಬರ್ ಪದರಗಳ ನಡುವೆ ಬಲಕ್ಕಾಗಿ ಇಟ್ಟ ಮರ ಕೊಳೆಯುತ್ತದೆ. ಸೀಲ್ ಮಾಡದ ಒಂದು ಸ್ಕ್ರೂ ತೂತು ಸಾಕು. ಒಳಹೊಕ್ಕ ನೀರಿಗೆ ಗಾಳಿ ಬಿಸಿಲು ತಾಗುವುದಿಲ್ಲ. ತೇವಾಂಶ ಶೇ. 20ರೊಳಗಿರುವ ಮರವನ್ನು ಶಿಲೀಂಧ್ರ ತಿನ್ನಲಾರದು, ಆದರೆ ಹೀಗೆ ಮುಚ್ಚಿಹೋದ ಮರ ಆ ಮಟ್ಟಕ್ಕೆ ಒಣಗುವುದೇ ಇಲ್ಲ.

ತಿಪಟೂರು ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯನ್ನು ಕಿವಿಯ ಬಳಿ ಅಲುಗಿಸಿ, ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಾರೆ. ದೋಣಿಗೂ ಮೊದಲು ಕಿವಿ ಕೊಡಿ. ಸುತ್ತಿಗೆಯ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಮರವಿದ್ದಲ್ಲಿ ಟಕ್ ಎನ್ನುತ್ತದೆ, ಕುಂಬಾದಲ್ಲಿ ದಬ್ ಎಂದು ಸದ್ದು ಅಲ್ಲೇ ಸಾಯುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಳಬದಿಯಿಂದ ಸಣ್ಣ ತೂತು ಕೊರೆದು ಪುಡಿ ನೋಡಿ. ಒಣ ಹೊಟ್ಟು ಬಂದರೆ ಸರಿ. ಕಪ್ಪು ಮುದ್ದೆ ಅಂಟಿಕೊಂಡು ಬಂದರೆ ಅಲ್ಲಿ ಮರ ಮುಗಿದಿದೆ.

ಕತ್ತರಿಸಬೇಕಾದದ್ದು ಒಳಗಿನ ಪದರವನ್ನು ಮಾತ್ರ. ಹೊರಗಿನ ಪದರವೇ ದೋಣಿಯ ಆಕಾರ, ಅದು ಹಾಗೆಯೇ ಇರಲಿ. ಸುತ್ತಲೂ ನಾಲ್ಕು ಬೆರಳು ಅಂಚು ಬಿಡಿ, ಹೊಸ ಪದರ ಹಿಡಿದುಕೊಳ್ಳುವುದು ಅದನ್ನೇ. ಕತ್ತರಿಸುವ ಮೊದಲು ತಳಕ್ಕೆ ಉದ್ದಕ್ಕೂ ಆಧಾರ ಕೊಡಿ, ಇಲ್ಲದಿದ್ದರೆ ದೋಣಿ ಸೊಟ್ಟಗಾಗುತ್ತದೆ. ಉಳಿ ಹಿಡಿದು ಗಟ್ಟಿ ಮರ ಸಿಗುವವರೆಗೂ ಕೆತ್ತಿ, ಅದರಾಚೆಗೂ ಒಂದು ಗೇಣು ಹೋಗಿ. ಗ್ರೈಂಡರ್ ಹಿಡಿಯುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಗಾಜಿನ ಧೂಳಿಗೆ ಕರವಸ್ತ್ರ ಸಾಲದು. ನಮ್ಮ ಸೀಮೆಯಲ್ಲಿ ಇದಕ್ಕೆ ಶಿವರಾತ್ರಿ ಕಳೆದ ಮೇಲಿನ ಒಣ ದಿನಗಳೇ ಸರಿ. ಅವಸರ ಮಾಡದೆ ಒಣಗಲು ಬಿಡಿ.

ಹೊಸದಾಗಿ ಕೂರಿಸುವ ಪ್ಲೈವುಡ್ ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಮೆರೈನ್ ಪ್ಲೈವುಡ್ ಆಗಿರಲಿ. ಸಾಮಾನ್ಯ ಬಳಕೆಯ ಐಎಸ್ 303 ಕೊಡುತ್ತೇವೆ ಎಂದರೆ ಬೇಡ ಎನ್ನಿ. ಗಾಜಿನ ಎಳೆಗಳಿಗೆ ಹಚ್ಚಿ ಗಟ್ಟಿಯಾಗಿಸುವ ಅಂಟುದ್ರವ, ಅಂದರೆ ರೆಸಿನ್, ಎರಡು ಬಗೆ: ಪಾಲಿಯೆಸ್ಟರ್ ಮತ್ತು ಎಪಾಕ್ಸಿ. ಪಾಲಿಯೆಸ್ಟರ್ ಅಗ್ಗ, ಆದರೆ ಮರಕ್ಕೂ ಹಳೆಯ ಫೈಬರಿಗೂ ಎಪಾಕ್ಸಿ ಹಿಡಿದಂತೆ ಅದು ಹಿಡಿಯದು. ಎಪಾಕ್ಸಿ ಜೊತೆ ಮಾಮೂಲಿ ಮ್ಯಾಟ್ ಹಾಕಿಸಬೇಡಿ, ನೇಯ್ದ ಗಾಜಿನ ಬಟ್ಟೆ ತನ್ನಿ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗದು. ಕಲಸುವುದು ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವಾಗಿ. ಮಧ್ಯಾಹ್ನ ಒಂದೇ ಡಬ್ಬದಲ್ಲಿ ಹೆಚ್ಚು ಕಲಸಿದರೆ ಕಾದು ಹೊಗೆಯಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ಬೋಲ್ಟ್ ತೂತುಗಳನ್ನು ಹಳೆಯ ರೀತಿಯಲ್ಲೇ ಕೊರೆದರೆ ಹೊಸ ಮರವೂ ಅದೇ ದಾರಿ ಹಿಡಿಯುತ್ತದೆ. 12 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ತೂತು ಕೊರೆಯಿರಿ. ಅದಕ್ಕೆ ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ನಟ್ಟನಡುವೆ 12 ಮಿ.ಮೀ. ತೂತು ಕೊರೆಯಿರಿ. ಬೋಲ್ಟಿನ ಸುತ್ತ ಎಪಾಕ್ಸಿಯ ಬಳೆ ಉಳಿಯುತ್ತದೆ, ನೀರು ನುಗ್ಗಿದರೂ ಮರ ಮುಟ್ಟುವುದಿಲ್ಲ. ತಳದಲ್ಲಿ ನೀರು ಬಿಡುವ ತೂತಿಗೂ ಹೀಗೆಯೇ ಮಾಡಿಸಿ. ನನ್ನ ಬಳಿಗೆ ವಾಪಸ್ಸು ಬಂದ ಆ ದೋಣಿ ಕೊಳೆಯಲು ಶುರುವಾಗಿದ್ದು ಆ ತೂತಿನಿಂದಲೇ.