ಬುಧವಾರದ ಹಾಳೆ

ನಗರದ ಗಲಾಟೆ ಸಾಕಾಗಿದೆ, ಹೊರವಲಯದ ಶಾಂತ ಬಡಾವಣೆಗೆ ಹೋಗೋಣ ಎಂದು ಒಬ್ಬರು ಪಟ್ಟು ಹಿಡಿಯುತ್ತಾರೆ. ಇನ್ನೊಬ್ಬರಿಗೆ ಹಿಂಜರಿಕೆ, ಕಾರಣ ಕೇಳಿದರೆ ಹೇಳಲು ಬಾರದು. ಈ ಜಗಳ ಹೊತ್ತು ನನ್ನ ಬಳಿ ಆಪ್ತಸಲಹೆಗೆ ಬರುವ ದಂಪತಿ ಹೆಚ್ಚುತ್ತಿರುವುದರಿಂದ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇಬ್ಬರಿಗೂ ನಲವತ್ತರ ಆಸುಪಾಸು, ಶಾಲೆಗೆ ಹೋಗುವ ಮಗನಿದ್ದಾನೆ. ಗಂಡನ ಕಚೇರಿ ನಗರದ ನಡುವೆ, ಹೆಂಡತಿಗೆ ಮನೆಯಿಂದಲೇ ಕೆಲಸ. ಹೊರವಲಯದಲ್ಲಿ ಕೊಳ್ಳಬೇಕೆಂದಿದ್ದ ಮನೆಗೆ ಅಡ್ವಾನ್ಸ್ ಕೊಡಲು ಹದಿನೈದು ದಿನ ಉಳಿದಿತ್ತು. ಜಾಗವನ್ನು ನೋಡಿದ್ದು ಎರಡೇ ಸಲ, ಎರಡೂ ಭಾನುವಾರ ಮಧ್ಯಾಹ್ನ. "ಎಲೆ ಬಿದ್ದರೂ ಕೇಳಿಸುತ್ತೆ" ಎಂದು ಗಂಡ ಮತ್ತೆ ಮತ್ತೆ ಹೇಳಿದರು. "ಬೇಡ ಅನ್ನೋಕೆ ಏನೂ ಇಲ್ಲ" ಎಂದು ಹೆಂಡತಿ ಸುಮ್ಮನಾದರು.

ಮೂರನೆಯ ಭೇಟಿಯಲ್ಲಿ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಹೊಸ ಮನೆಯಲ್ಲಿ ಒಂದು ಬುಧವಾರ, ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಗಂಟೆಗೊಂದು ಸಾಲು. ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ಜೊತೆಗೆ ಯಾರಿದ್ದಾರೆ ಎಂದು ಮೂರು ಕಾಲಂ. ಒಬ್ಬರದನ್ನು ಇನ್ನೊಬ್ಬರು ನೋಡದೆ ಇಪ್ಪತ್ತು ನಿಮಿಷ ಬರೆಯಬೇಕು. ಬುಧವಾರವೇ ಏಕೆಂದರೆ, ಮನೆ ಹುಡುಕುವವರ ಕಲ್ಪನೆಯಲ್ಲಿ ಬರೀ ರಜಾದಿನಗಳೇ ತುಂಬಿರುತ್ತವೆ.

ಗಂಡ ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 8ಕ್ಕೆ ಮರಳುತ್ತಿದ್ದರು. ಅಷ್ಟು ಹಂಬಲಿಸಿದ ಶಾಂತಿ ಅವರ ಪಾಲಿಗೆ ಊಟವಾದ ಮೇಲಿನ ಒಂದೂವರೆ ಗಂಟೆ. ಹೆಂಡತಿ ತಮ್ಮ ಹಾಳೆಯ ಮೂರನೆಯ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಎಳೆಯುತ್ತಾ ಹೋದರು. 8ರಿಂದ 4ರವರೆಗೆ ಬರೀ ಅಡ್ಡಗೆರೆಗಳು.

"ನೋಡಿ, ಇದರಲ್ಲಿ ಒಬ್ಬರ ಹೆಸರೂ ಇಲ್ಲ. ಈಗಿರೋ ಮನೇಲಿ ಸದ್ದು ಜಾಸ್ತಿ, ನಿಜ. ಆದ್ರೆ ಅದರಲ್ಲಿ ಅರ್ಧ ಸದ್ದು ನನಗೆ ಗೊತ್ತಿರೋರದ್ದು."

ಗಂಡ ತಮ್ಮ ಹಾಳೆ ಮಡಚಲು ಹೋದವರು ಮತ್ತೆ ಬಿಡಿಸಿ, ಹೆಂಡತಿಯ ಹಾಳೆಯ ಪಕ್ಕಕ್ಕಿಟ್ಟರು. ಬಹಳ ಹೊತ್ತು ಮಾತಾಡಲಿಲ್ಲ.

ಹೋಗಬೇಡಿ ಎಂದು ನಾನು ಹೇಳಲಿಲ್ಲ. ಮನೆಯ ಆಯ್ಕೆಯಲ್ಲಿ ಆಪ್ತಸಲಹೆಗಾರರು ತಲೆಹಾಕಬಾರದು ಎನ್ನುವವರಿದ್ದಾರೆ, ಒಪ್ಪಲಾರೆ. ದಿನಕ್ಕೆ ಮೂರು ಗಂಟೆ ಯಾರು ರಸ್ತೆಯಲ್ಲಿರುತ್ತಾರೆ, ಎಂಟು ಗಂಟೆ ಯಾರು ಒಂಟಿಯಾಗಿರುತ್ತಾರೆ ಎಂಬುದು ದಾಂಪತ್ಯದ ಪ್ರಶ್ನೆಯೇ. ಜರ್ಮನಿಯ ಕುಟುಂಬಗಳ ಸಮೀಕ್ಷೆ ಆಧರಿಸಿ ಅರ್ಥಶಾಸ್ತ್ರಜ್ಞರಾದ ಸ್ಟುಟ್ಜರ್ ಮತ್ತು ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು: ಕೆಲಸಕ್ಕೆ ಹೆಚ್ಚು ಹೊತ್ತು ಪ್ರಯಾಣಿಸುವವರ ಜೀವನತೃಪ್ತಿ ಕಡಿಮೆ. ಒಳ್ಳೆಯ ಮನೆಯೋ ಸಂಬಳವೋ ಆ ನಷ್ಟವನ್ನು ಪೂರ್ತಿ ತುಂಬಿಕೊಟ್ಟಿರಲಿಲ್ಲ.

ಅಡ್ವಾನ್ಸ್ ಮುಂದೂಡಿ, ಮೊದಲು ರಾತ್ರಿ 11ಕ್ಕೆ ಹೋಗಿ, ಮಲಗುವ ಕೋಣೆಯ ಕಿಟಕಿ ತೆರೆದು ಹದಿನೈದು ನಿಮಿಷ ನಿಲ್ಲಿ ಎಂದೆ. ರಾತ್ರಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದರೆ ಸದ್ದು ನೆಲದತ್ತ ಬಾಗುತ್ತದೆ. ಮಧ್ಯಾಹ್ನ ಕೇಳದ ದೂರದ ಹೆದ್ದಾರಿ ಆಗ ಕೇಳುತ್ತದೆ. ಸದಾ ವಾಹನ ಓಡುವ ರಸ್ತೆಯಿಂದ ಎರಡು ಪಟ್ಟು ದೂರ ಹೋದರೂ ಸದ್ದು ಇಳಿಯುವುದು ಸುಮಾರು 3 ಡೆಸಿಬಲ್ ಮಾತ್ರ. ಯುರೋಪಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಯ ಪ್ರಕಾರ ರಾತ್ರಿಯ ವಾಹನ ಸದ್ದು ಮನೆಯ ಹೊರಗೆ ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು. ಸದ್ದು ಅಳೆಯುವ ಮೊಬೈಲ್ ಆ್ಯಪ್ ಕರಾರುವಾಕ್ಕಲ್ಲ. ಒಂದೇ ಮೊಬೈಲಿನಿಂದ ಈಗಿನ ಮನೆಯನ್ನೂ ಅಳೆದು ಹೋಲಿಸಿದರೆ ಸಾಕು.

ಪ್ರಯಾಣವನ್ನು ಮೂರು ಕೆಲಸದ ದಿನ, ಬಾಗಿಲಿನಿಂದ ಬಾಗಿಲಿಗೆ, ಎರಡೂ ದಿಕ್ಕಿನಲ್ಲಿ ಅಳೆಯಬೇಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ತಡವಾದ ದಿನವನ್ನು, ಏಕೆಂದರೆ ಮಗನಿಗೆ ಜ್ವರ ಬಂದಾಗ ಸರಾಸರಿ ಕೆಲಸಕ್ಕೆ ಬಾರದು. ಸುತ್ತಲಿನ ಖಾಲಿ ಜಾಗಗಳನ್ನು ಮಾಸ್ಟರ್ ಪ್ಲಾನಿನಲ್ಲಿ ಯಾವುದಕ್ಕೆ ಮೀಸಲಿಟ್ಟಿದ್ದಾರೆ ನೋಡಿ. ಇವತ್ತಿನ ಮೌನ ಎಷ್ಟೋ ಕಡೆ ಕಟ್ಟಡ ಇನ್ನೂ ಎದ್ದಿಲ್ಲದ್ದರಿಂದ ಇರುವ ಮೌನ. ಹಗಲು ಮನೆಯಲ್ಲಿರುವ ಇಬ್ಬರು ನಿವಾಸಿಗಳನ್ನು, ಬ್ರೋಕರ್ ಪರಿಚಯಿಸಿದವರನ್ನು ಬಿಟ್ಟು, ಹೆಂಡತಿಯೇ ಹುಡುಕಿ ಮಾತಾಡಿಸಬೇಕು.

ಕೊನೆಗೆ, ಈಗಿನ ಮನೆ ಮಾರದೆ ಅದೇ ಬಡಾವಣೆಯಲ್ಲಿ ಆರು ತಿಂಗಳು ಬಾಡಿಗೆಗಿರಿ ಎಂದೆ. ಬಾಡಿಗೆ ದಂಡ ಎಂದು ಗಂಡ ತಕರಾರು ತೆಗೆದರು. ಮನೆ ಕೊಂಡು ಎರಡು ವರ್ಷಕ್ಕೆ ಮಾರಿದರೆ ಆಗುವ ನಷ್ಟವನ್ನು ಅವರಿಂದಲೇ ಲೆಕ್ಕ ಹಾಕಿಸಿದೆ.

ಬಾಡಿಗೆಗೆ ಹೋದರು. ತಿಂಗಳಿಗೊಮ್ಮೆ ಬುಧವಾರದ ಹಾಳೆ ಬರೆದು ತರುತ್ತಾರೆ. ನಾಲ್ಕನೆಯ ತಿಂಗಳ ಹಾಳೆಯಲ್ಲಿ ಸಂಜೆ 5ರ ಸಾಲಿಗೆ ಎರಡು ಹೆಸರು ಸೇರಿದ್ದವು. 8ರಿಂದ 4 ಇನ್ನೂ ಖಾಲಿ ಇದೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.