ಡೆಂಗಿ ನಿಯಂತ್ರಣದಲ್ಲಿ ನರ್ಸ್‌ಗಳ ಪಾತ್ರವೇನು?

ಡ್ರಿಪ್ ಹಾಕುವುದು, ಜ್ವರ ನೋಡುವುದು ಇಷ್ಟೇನಾ ಎಂದು ಕೇಳಿದ್ದೀರಿ. ಅಲ್ಲ. ಡೆಂಗಿಯಲ್ಲಿ ನಿಜವಾದ ಅಪಾಯ ಶುರುವಾಗುವುದು ಜ್ವರ ಇಳಿಯುವಾಗ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ಮನೆಯವರು ‘ಹುಷಾರಾದ, ಕರ್ಕೊಂಡು ಹೋಗ್ತೀವಿ’ ಅನ್ನುವ ಹೊತ್ತಿಗೇ ನರ್ಸ್ ಕಣ್ಣು ಚುರುಕಾಗಬೇಕು: ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಕಡಿಮೆಯಾದ ಮೂತ್ರ. ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದರೆ ತಕ್ಷಣ ಡಾಕ್ಟರನ್ನು ಕರೆಯಬೇಕು. (ಪ್ಲೇಟ್‌ಲೆಟ್ ಒಂದನ್ನೇ ಎಣಿಸುತ್ತಾ ಕೂರುವುದು ನನಗಂತೂ ಸರಿ ಕಾಣದು.)

ಹಗಲಲ್ಲೂ ರೋಗಿಗೆ ಸೊಳ್ಳೆಪರದೆ ಕಟ್ಟಿಸುವುದು ತಡೆಯ ಕೆಲಸವೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲು. ಜ್ವರ ಬಂದವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಇನ್ನೊಬ್ಬರಿಗೆ ಹರಡುತ್ತದೆ. ಡಿಸ್ಚಾರ್ಜ್ ಹೊತ್ತಿನಲ್ಲಿ ಇನ್ನೊಂದು ಮಾತು: ಡ್ರಮ್ಮು, ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ. ಮೊಟ್ಟೆ ಅಂಟಿರುವುದು ಅಲ್ಲೇ.