ದೇವರು ಯಾಕೆ ಸುಮ್ಮನಿದ್ದಾನೆ ಅಂದವರಿಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸರ ಚೀಟಿ ದುಡ್ಡು ನುಂಗಿಯೂ ನಿಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರು ದೊಡ್ಡ ಮನುಷ್ಯರಾಗಿಯೇ ಓಡಾಡುತ್ತಿದ್ದಾರೆ, ದೇವರು ಯಾಕೆ ಸುಮ್ಮನಿದ್ದಾನೆ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಉರಿಯಿತು. ಬೈಬಲಿನಲ್ಲಿ 1 ತಿಮೊಥೆಯ 5:24 ನೋಡಿ. ಕೆಲವರ ಪಾಪ ಅವರಿಗಿಂತ ಮುಂಚೆಯೇ ತೀರ್ಪಿಗೆ ಹೋಗುತ್ತದೆ, ಕೆಲವರದು ಹಿಂದಿನಿಂದ ಬರುತ್ತದೆ. ರಾಜ ದಾವೀದ ತನ್ನ ಸೈನಿಕ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿ ಅವನ ಹೆಂಡತಿಯನ್ನು ಮದುವೆಯಾದ, ಆಗಲೂ ಅವನು ರಾಜನಾಗಿಯೇ ಇದ್ದ ಅಲ್ವಾ? ಮಗು ಹುಟ್ಟಿದ ಮೇಲೆ ಪ್ರವಾದಿ ನಾತಾನ ಬಂದು, ಬಡವನ ಕುರಿಮರಿ ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ, ‘ನೀನೇ ಆ ಮನುಷ್ಯ’ ಅಂದ. ಅಲ್ಲಿಯತನಕ ದೇವರು ಸುಮ್ಮನಿದ್ದದ್ದು ಒಪ್ಪಿಗೆಯಲ್ಲ.

ಆದರೆ ನೀವು ಸುಮ್ನೆ ಕೂರಬೇಡಿ. ಮತ್ತಾಯ 18ರಲ್ಲಿ ಇರುವಂತೆ ಮೊದಲು ಆ ಹಿರಿಯರೊಬ್ಬರ ಹತ್ತಿರವೇ ಮಾತಾಡಿ. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಚೀಟಿ ಲೆಕ್ಕದ ಪುಸ್ತಕವೂ ಜೊತೆಗಿರಲಿ. ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದಿದ್ದ. ಆ ಹೆಂಗಸರಿಗೆ ಮೊದಲು ಅಸಲು ಕೈಗೆ ಬರಬೇಕು.